ಬಿಡಿಸಿ ಕೊಟ್ಟ ಗುಳಿಗೆ

ನನ್ನ ಅಕ್ಕ ಮಹಾದೇವಿ ಬೇರಿನ ಔಷಧ ಎಂದು ನಂಬಿ ತಿಂದ ಪುಡಿಯಲ್ಲಿ ಅಂಗಡಿಯ ಗುಳಿಗೆ ಅರೆದು ಹಾಕಿದ್ದರು. ಆ ಗುಳಿಗೆಗಳನ್ನು ಒಂದೊಂದಾಗಿ ಸ್ಟ್ರಿಪ್ಪಿನಿಂದ ಬಿಡಿಸಿ ಕೊಟ್ಟವನು ನಾನು. ಅವಳು ಬಂದು ಕೇಳಿದಾಗ ನನಗೆ ಗೊತ್ತಿತ್ತು, ಹೇಳಲಿಲ್ಲ. ಮೊದಲು ಇಷ್ಟನ್ನು ಬರೆದುಬಿಡುತ್ತೇನೆ — ಇಲ್ಲದಿದ್ದರೆ ಬೇರೆ ಏನಾದರೂ ಬರೆದು ಎದ್ದು ಹೋಗುತ್ತೇನೆ.

ನಾನು ಜಮಖಂಡಿಯ ಒಂದು ಔಷಧ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಪಿಯುಸಿ ಮುಗಿಸಿ ಬಂದು ಕೌಂಟರಿನ ಹಿಂದೆ ನಿಂತವನು ಇನ್ನೂ ಅಲ್ಲೇ ನಿಂತಿದ್ದೇನೆ. ಆದರೆ ನಮ್ಮ ಮನೆತನದಲ್ಲಿ ನನ್ನನ್ನು ಅರ್ಧ ಡಾಕ್ಟರ ಅಂತ ತಿಳಿದಿದ್ದರು. ಯಾರಿಗೆ ಜ್ವರ ಬಂದರೂ ಫೋನು ನನಗೆ.

ಬೀಳಗಿಯ ಆಚೆ ಒಂದು ಹಳ್ಳಿಯಲ್ಲಿ ಪುಡಿ ಕೊಡುವ ಒಬ್ಬ ಮುದುಕರಿದ್ದರು. ಎಲ್ಲರೂ ಅವರನ್ನು ಪುಡಿ ಅಜ್ಜ ಅನ್ನುತ್ತಿದ್ದರು. ಅವರ ಅಳಿಯ ಹದಿನೈದು ದಿನಕ್ಕೊಮ್ಮೆ ನಮ್ಮ ಅಂಗಡಿಗೆ ಬರುತ್ತಿದ್ದ. ಚೀಟಿ ಇಲ್ಲ, ಡಾಕ್ಟರ ಹೆಸರಿಲ್ಲ. ಒಂದೇ ಗುಳಿಗೆ — ದಮ್ಮಿಗೆ, ಕೀಲುನೋವಿಗೆ ಬರೆಯುವ ಸ್ಟಿರಾಯ್ಡ್ — ಪೆಟ್ಟಿಗೆಗಟ್ಟಲೆ. "ಬಿಡಿಸಿ ಕೊಡ್ರಿ, ಕಾಗದದ ಕಸಾ ಯಾರ್ ಹೊರ್ತಾರ" ಅನ್ನುತ್ತಿದ್ದ. ಅಂಗಡಿಯ ಸಾಹುಕಾರರು ಹೂಂ ಅಂದರು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಸ್ಟೂಲಿನ ಮೇಲೆ ಕೂತು ಹೆಬ್ಬೆರಳಿನಿಂದ ಒತ್ತಿ ಒತ್ತಿ ಗುಳಿಗೆಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಬೀಳಿಸುತ್ತಿದ್ದೆ. ಊಟಕ್ಕೆ ಕೂತಾಗ ಬೆರಳಿನ ಕಹಿ ರೊಟ್ಟಿಗೆ ಹತ್ತುತ್ತಿತ್ತು.

ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊಣಕಾಲು ನೋವಿನ ಮುದುಕರು ತಿನ್ನುತ್ತಾರೆ, ನಾಲ್ಕು ದಿನ ಓಡಾಡುತ್ತಾರೆ, ಬಿಡು — ಅಂದುಕೊಂಡಿದ್ದೆ.

ಗುಳಿಗೆ ಕಂಪನಿಯ ಪ್ರತಿನಿಧಿಗೂ ಖುಷಿ. "ಏನ್ರೀ, ನಿಮ್ಮೂರಾಗ ಎಲ್ಲಾರಿಗೂ ದಮ್ಮು ಹತ್ತೇತೇನು? ಇಷ್ಟು ಗುಳಗಿ ಜಿಲ್ಲಾದಾಗ ಎಲ್ಲೂ ಹೋಗೂದಿಲ್ಲ" ಅಂತ ನಕ್ಕು, ಕಂಪನಿಯ ಹೆಸರಿದ್ದ ಗೋಡೆ ಗಡಿಯಾರ ಕೊಟ್ಟು ಹೋಗಿದ್ದ. ಅವನಿಗೂ ಗೊತ್ತಿತ್ತು ಅಂತ ಈಗ ಅನಿಸುತ್ತದೆ. ಅವನ ಪಾಪ ಅವನಿಗಿರಲಿ.

ಆ ದಿನವೂ ನಾನು ಅದೇ ಕೆಲಸದಲ್ಲಿದ್ದೆ. ಬನಹಟ್ಟಿಯ ಬಸ್ಸಿಳಿದು ಅಕ್ಕ ಬಂದಳು. ತಲೆಯ ತುಂಬ ಸೆರಗು. ಅವಳಿಗೆ ಮೊಲೆಯ ಗಂಟಿನ ಆಪರೇಶನ್ ಆಗಿ, ದೊಡ್ಡ ದವಾಖಾನೆಯಲ್ಲಿ ಕಿಮೋ ನಡೆದಿತ್ತು. ಹಿಂದಿನ ಸಲ ನೋಡಿದಾಗ ಗೋಡೆ ಹಿಡಿದು ನಡೆಯುತ್ತಿದ್ದಳು. ಈಗ ಮೆಟ್ಟಿಲು ತಾನೇ ಹತ್ತಿದಳು.

"ಅಕ್ಕಾ, ಒಬ್ಬಾಕೇ ಬಂದೇನು?"

"ಮತ್ತ? ನಿಮ್ಮ ಮಾಮಾಗ ಮಗ್ಗಾ ಬಿಟ್ಟು ಏಳಾಕ ಬರ್ತೈತೇನು? ಕೂದಲಾ ಹೋದ್ರೂ ಕಾಲ ಅದಾವು. ಹೇನಿನ ಕಾಟಾನೂ ತಪ್ಪೈತಿ ನೋಡು."

ಸಾಹುಕಾರರೂ ನಕ್ಕರು. ಅವಳಿಗೆ ಚಹಾ ತರಿಸಿದರು. ಮಾಮಾ ಅಂದರೆ ಅವಳ ಗಂಡ, ಸೀರೆ ನೇಯುವವನು. ಅಕ್ಕ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹಿಂದಿನ ವಾರ ಮತ್ತೆ ಸುತ್ತಲು ಕೂತೆ ಅಂತ ಹೇಳಿದಳು — ಎರಡು ರೊಟ್ಟಿ ಉಂಡೆ, ಮೂರನೆಯದಕ್ಕೂ ಹಸಿವು ಇತ್ತು ಅಂತ. ಹೇಳುತ್ತಾ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಕೌಂಟರಿನ ಮೇಲೆ ಬಿಚ್ಚಿದಳು.

"ಬೀಳಗಿ ಕಡೆ ಅಜ್ಜನ ಪುಡಿ ಇದು. ತಿನ್ನಾಕ ಹತ್ತಿ ಮೂರು ವಾರ ಆತು. ಅಂವಾ ಒಂದ ಪಥ್ಯಾ ಹೇಳ್ಯಾನ — ಕಂಪನಿ ಔಷಧ ಮುಟ್ಟಬಾರದಂತ. ಕಂಪನಿಯವ್ರು ಜಡ್ಡು ಕಡಿಮಿ ಮಾಡೂದಿಲ್ಲ, ಔಷಧ ಮಾರಾಕ ಅದನ್ನ ಹಂಗ ಇಟ್ಕೊಂಡಿರ್ತಾರಂತ. ಮುಂದಿನ ಕಿಮೋಕ್ಕ ಹೋಗೂದ ಬ್ಯಾಡ ಅನಸ್ತೈತಿ. ನೀ ಔಷಧದಾಗ ಇರಾಂವ. ನೋಡಿ ಹೇಳು ತಮ್ಮಾ."

ಕಂದು ಬಣ್ಣದ ಪುಡಿ. ಶುಂಠಿಯ ವಾಸನೆ. ಬೆರಳ ತುದಿಗೆ ಹತ್ತಿಸಿಕೊಂಡು ನಾಲಿಗೆಗೆ ಇಟ್ಟೆ.

ನನ್ನ ರೊಟ್ಟಿಯ ಕಹಿ.

ಡಬ್ಬಿ ಕೌಂಟರಿನ ಕೆಳಗೆ, ನನ್ನ ಮೊಣಕಾಲಿಗೆ ತಾಗಿಕೊಂಡೇ ಇತ್ತು, ಅರ್ಧ ತುಂಬಿತ್ತು. ಸಾಹುಕಾರರು ಎರಡು ಮಾರು ದೂರದಲ್ಲಿ ಕೂತಿದ್ದರು. ಹೇಳಿದರೆ ಕೆಲಸ ಹೋಗುತ್ತದೆ, ಅಂಗಡಿಗೆ ಬೀಗ ಬೀಳುತ್ತದೆ, ಪೊಲೀಸರು — ಹೀಗೆ ಏನೇನೋ ಒಂದೇ ಉಸಿರಿನಲ್ಲಿ ಬಂದು ಹೋದವು. ಅಕ್ಕನ ಮುಖದಲ್ಲಿ ಆಸೆ ಇತ್ತು, ಅದನ್ನು ಮುರಿಯಲು ಮನಸ್ಸು ಬರಲಿಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಖರೆ ಅಲ್ಲ. ನಾನು ಹೆದರಿದ್ದೆ, ಅಷ್ಟೇ.

"ತಗೋ ಅಕ್ಕ, ಏನೂ ಆಗೂದಿಲ್ಲ" ಅಂದೆ.

ಅವಳು ಪೊಟ್ಟಣ ಕಟ್ಟಿ ಚೀಲದಲ್ಲಿಟ್ಟುಕೊಂಡಳು. ನಾವಿಬ್ಬರೂ ಹಗುರಾಗಿ ಮಾತಾಡಿದ ದಿನ ಅದೇ ಕಡೆಯದು.

ಕಿಮೋ ನಿಂತಿತು. ಅಕ್ಕನ ಮುಖ ತುಂಬಿಕೊಂಡಿತು. ಬನಹಟ್ಟಿಯ ಓಣಿಯಲ್ಲಿ ಎಲ್ಲರೂ "ಮಾದೇವಿ ಹೆಂಗ ಕಳಿ ಕಟ್ಯಾಳ ನೋಡ್ರಿ" ಅಂದರು. ಮಾಮಾ ಫೋನಿನಲ್ಲಿ ಅವಳ ಫೋಟೋ ಕಳಿಸುತ್ತಿದ್ದ. ನನಗೆ ತೆರೆದು ನೋಡಲು ಕೈ ಬರುತ್ತಿರಲಿಲ್ಲ. ಒಂದು ದಿನ ಕಂಪನಿಯವನನ್ನು ಬೇರೆ ಯಾರದೋ ವಿಷಯ ಎಂಬಂತೆ ಕೇಳಿದೆ — ಈ ಗುಳಿಗೆ ಬಹಳ ದಿನ ತಿಂದರೆ ಏನಾಗುತ್ತದೆ?

"ಮುಖಾ ದುಂಡಗ ಆಗ್ತದ, ಹಸಿವು ಆಗ್ತದ. ಒಳಗ ನಂಜಾದ್ರೂ ಗೊತ್ತಾಗೂದಿಲ್ಲ. ಆದ್ರ ಒಮ್ಮೆಲೇ ಬಿಡಬಾರದ್ರಿ. ಬಿಟ್ರ ಮನಷ್ಯಾ ಎದ್ದು ನಿಲ್ಲೂದಿಲ್ಲ. ಯಾಕ, ನೀವ ತಿನ್ನಾಕತ್ತೀರೇನು?" ಅಂತ ನಕ್ಕ. ನಾನೂ ನಕ್ಕೆ.

ಇನ್ನು ಬರೆಯುವುದು ಕಷ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿಗಳನ್ನು ತಪಾಸಣೆ ಮಾಡಲು ಬರುತ್ತಾರೆ ಅಂತ ಮುಧೋಳದಿಂದ ಸುದ್ದಿ ಬಂತು. ಸಾಹುಕಾರರು "ಸ್ವಲ್ಪ ದಿನಾ ಅದನ್ನ ಬಂದ್ ಮಾಡು" ಅಂದರು. ಅಳಿಯ ಬಂದ. ಇಲ್ಲ ಅಂದೆ. ನನಗೆ ಜೀವ ಬಂದಂತಾಯಿತು — ನಾನು ಕೈ ತೊಳೆದುಕೊಂಡೆನಲ್ಲ ಅಂತ. ಒಮ್ಮೆಲೇ ಬಿಡಬಾರದು ಅಂತ ಕೇಳಿಸಿಕೊಂಡಿದ್ದ ಕಿವಿ ನನ್ನದೇ. ಆ ಪುಡಿಯನ್ನು ದಿನಕ್ಕೆರಡು ಸಲ ತಿನ್ನುವವಳು ನನ್ನ ಅಕ್ಕ ಅನ್ನುವುದೂ ಗೊತ್ತಿತ್ತು. ಅಳಿಯ ಬೇರೆ ಕಡೆ ಕೇಳಿದನೋ, ಅಲ್ಲಿಯೂ ಸಿಗಲಿಲ್ಲವೋ — ಆ ಸಲದ ಪೊಟ್ಟಣದಲ್ಲಿ ಬರೀ ಶುಂಠಿ, ಬೇರು ಇದ್ದಿರಬೇಕು. ಅಕ್ಕನಿಗೆ ಒಂದೊಂದು ಸಲ ಫೋನು ಮಾಡಲು ಕೈಗೆತ್ತಿಕೊಳ್ಳುತ್ತಿದ್ದೆ. ಹೇಗಿದ್ದೀ ಅಂತ ಕೇಳುವುದಕ್ಕೂ ಅಂಜಿಕೆ. ಇಟ್ಟುಬಿಡುತ್ತಿದ್ದೆ.

ಅಳಿಯನಿಗೆ ಇಲ್ಲ ಅಂದ ಎಂಟನೇ ದಿನ ಮಾಮಾನ ಫೋನು ಬಂತು. "ಮುಂಜಾನಿಂದ ಹಾಸಿಗಿ ಬಿಟ್ಟು ಎದ್ದಿಲ್ಲ. ಕೈ ಎತ್ತಿದ್ರ ಬೀಳ್ತೈತಿ. ವಾಂತಿ. ಏನ್ ಮಾಡ್ಲಿ, ಹೇಳ."

ದವಾಖಾನೆಗೆ ಕರೆತರಲು ಹೇಳಿ ನಾನೂ ಅಲ್ಲಿಗೆ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಳು. ಅಕ್ಕನ ದುಂಡು ಮುಖ ನೋಡಿದಳು, ಕೈಯ ಚರ್ಮ ಚಿವುಟಿ ನೋಡಿದಳು. ನಮ್ಮಿಬ್ಬರ ಕಡೆ ತಿರುಗಿದಳು.

"ಬೇರೆ ಯಾವುದಾದರೂ ಔಷಧ ಕೊಡ್ತಿದ್ರಾ? ಸ್ಟಿರಾಯ್ಡ್ ಏನಾದರೂ? ಹೇಳಿ, ಬಯ್ಯೋದಿಲ್ಲ. ನನಗೆ ಗೊತ್ತಾಗಬೇಕು."

ಮಾಮಾ ನನ್ನ ಮುಖ ನೋಡಿದ. ಉತ್ತರ ಗೊತ್ತಿರುವವನು ನಾನೇ ಅಂತ ಅವನ ಲೆಕ್ಕ. ಖರೆ ಅಂದರೆ ಅವನ ಲೆಕ್ಕ ಸರಿಯೇ ಇತ್ತು.

"ಇಲ್ರೀ ಮೇಡಂ, ಬರೀ ಬೇರು-ತೊಪ್ಪಲದ ಪುಡಿ" ಅಂದೆ.

ಬಯ್ಯುವುದಿಲ್ಲ ಅಂದಿದ್ದಳು. ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಆ ಹೆಸರು ನನಗೆ ಬಾಯಿಪಾಠ. ಅವಳು ಇನ್ನೂ ಒಂದು ಗಳಿಗೆ ನನ್ನನ್ನೇ ನೋಡಿ, ಆಮೇಲೆ ಸರಸರನೆ ಒಳಗೆ ಹೋದಳು. ಅಕ್ಕ ಮೂರನೇ ದಿನ ಹೋದಳು. ಗಂಟಿನ ಜಡ್ಡಿನಿಂದ ಹೋದಳೋ, ಪುಡಿ ತಿಂದದ್ದರಿಂದಲೋ, ಪುಡಿಯಲ್ಲಿ ಗುಳಿಗೆ ನಿಂತದ್ದರಿಂದಲೋ — ನಾನು ಡಾಕ್ಟರ ಅಲ್ಲ, ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ಮುಚ್ಚಿದವನು ನಾನು.

ತಪಾಸಣೆಗೆ ಯಾರೂ ಬರಲಿಲ್ಲ. ತಿಂಗಳ ಮೇಲೆ ಅಳಿಯ ಮತ್ತೆ ಬಂದ. ಬೆರಳಿಗೆ ಗಾಯವಾಗಿದೆ ಅಂತ ಹೇಳಿ ನಾನು ಒಳಗೆ ಹೋದೆ. ಸಾಹುಕಾರರೇ ಬಿಡಿಸಿ ಕೊಟ್ಟರು. ಆಗಲೂ ನಾನು ಬಾಯಿ ತೆರೆಯಲಿಲ್ಲ. ಎರಡು ವರ್ಷ ಹೀಗೇ ಹೋಯಿತು. ಕೌಂಟರಿಗೆ ಯಾರಾದರೂ ದುಂಡು ಮುಖದ ಹೆಂಗಸು ಬಂದರೆ ಸಾಮಾನು ಹುಡುಕುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ಈ ಬೇಸಗೆಯಲ್ಲಿ ಮಾಮಾ ಫೋನು ಮಾಡಿದ. ಹಿಂದೆ ಮಗ್ಗದ ಸದ್ದು ಇತ್ತು. ಅವರ ಬಾಜೂ ಮನೆಯ ಹೆಣ್ಣುಮಗಳಿಗೂ ಅದೇ ಜಡ್ಡಂತೆ, ಇನ್ನೂ ಸಣ್ಣ ವಯಸ್ಸಂತೆ. "ಆ ಅಜ್ಜನ ಪುಡಿ ಕೊಡಸ್ಲೇನು? ನಿಮ್ಮಕ್ಕಗ ಅರ್ಧಾ ವರ್ಷ ಹೆಂಗ ಎಬ್ಬಿಸಿ ಕುಂಡ್ರಿಸಿತ್ತು. ನೀನೂ ಹೂಂ ಅಂದಿದ್ದಿ ಅಂತ ಅವರ ಮುಂದ ಹೇಳೇನಿ."

ನನ್ನ ಹೂಂ ಇನ್ನೂ ಬನಹಟ್ಟಿಯಲ್ಲಿ ಓಡಾಡುತ್ತಿದೆ ಅಂತ ಆಗಲೇ ತಿಳಿದದ್ದು.

"ಬ್ಯಾಡ ಮಾಮಾ. ಅದರಾಗ ಕಂಪನಿ ಗುಳಗಿ ಅರದು ಹಾಕ್ತಾರ. ಆಕೀನ ದವಾಖಾನಿಗೆ ಕರಕೊಂಡು ಹೋಗಾಕ ಹೇಳು, ಇವತ್ತ."

ಮಗ್ಗದ ಸದ್ದು ನಿಂತಿತು.

"ನಿನಗ ಯಾವಾಗ ತಿಳೀತು?"

"ಈಗೀಗ, ಮಾಮಾ" ಅಂದೆ.

"ಹೌದಾ" ಅಂದ. "ಮೊದಲ ತಿಳಿದಿದ್ರ ಆಕೀಗ ತಿನ್ನಾಕ ನೀ ಬಿಡ್ತಿದ್ದೇನು." ಫೋನು ಇಟ್ಟ.

ಆ ಹೆಣ್ಣುಮಗಳು ದವಾಖಾನೆಗೆ ಹೋಗುತ್ತಿದ್ದಾಳೆ, ಅಷ್ಟು ಗೊತ್ತಿದೆ. ನಾನು ಅಂಗಡಿ ಬಿಟ್ಟಿಲ್ಲ. ಪುಡಿಯ ವಿಷಯ, ಅಂಗಡಿಯ ವಿಷಯ ಹೆಸರು ಸಮೇತ ತಪಾಸಣೆಯವರಿಗೆ ಬರೆದಿದ್ದೇನೆ, ಕೆಳಗೆ ನನ್ನ ಹೆಸರನ್ನೂ ಹಾಕಿದ್ದೇನೆ, ನಾಳೆ ಅಂಚೆಗೆ ಹಾಕುತ್ತೇನೆ. ಅದಕ್ಕೆ ಮೊದಲಿನಷ್ಟು ಭಯವಿಲ್ಲ. ಬನಹಟ್ಟಿಯ ಬಸ್ಸು ಹತ್ತುವುದಕ್ಕೆ ಭಯ. ಎರಡು ಸಲ ನಿಲ್ದಾಣಕ್ಕೆ ಹೋಗಿ ತಿರುಗಿ ಬಂದೆ.

ಮಾಮಾನಿಗೆ ನಾನು ಇನ್ನೂ ಖರೆ ಹೇಳಿಲ್ಲ.