ಇರುವೆಯ ಕೆಳಗಿನ ಚೀಟಿ

ಇರುವೆ ಎಂದರೆ ರಾಣಿ ಇರಲೇಬೇಕು ಎಂದು ಶಾಲೆಯಲ್ಲಿ ಕಲಿತವರಿಗೆಲ್ಲ ಯೇವೂರು ಕಾಡಿನ ಈ ಕಪ್ಪು ಇರುವೆಯನ್ನು ತೋರಿಸಬೇಕು. ಇವುಗಳಲ್ಲಿ ರಾಣಿಯೇ ಇಲ್ಲ. ಹುಟ್ಟುವ ಪ್ರತಿಯೊಂದು ಹೆಣ್ಣೂ ಬೆನ್ನಿನ ಇಕ್ಕೆಲಗಳಲ್ಲಿ ಎರಡು ಪುಟ್ಟ ಮೊಗ್ಗು ಹೊತ್ತುಕೊಂಡೇ ಹುಟ್ಟುತ್ತದೆ. ಮೊಗ್ಗು ಇದ್ದವಳು ಗಂಡಿನೊಂದಿಗೆ ಕೂಡಬಹುದು, ಸಂಸಾರ ಬೆಳೆಸಬಹುದು. ಆದರೆ ಗೂಡಿನಲ್ಲಿ ಮೊದಲೇ ಯಜಮಾನಿಕೆ ಹಿಡಿದವಳೊಬ್ಬಳು ಇರುತ್ತಾಳಲ್ಲ, ಅವಳು ಹೊಸಬರ ಮೊಗ್ಗನ್ನು ಕಚ್ಚಿ ಕಿತ್ತುಬಿಡುತ್ತಾಳೆ. ಅಲ್ಲಿಗೆ ಮುಗಿಯಿತು, ಮತ್ತೆ ಸಾಯುವವರೆಗೆ ಬರೀ ದುಡಿಮೆ.

"ಥೂ, ಇದೆಂಥ ಅನ್ಯಾಯ ಮಾರಾಯ್ರೆ!" ಎಂದಿದ್ದೆ, ಮೊದಲ ಸಲ ಕೇಳಿದಾಗ. ಹೇಳಿದವರು ಜೋರಾಗಿ ನಕ್ಕಿದ್ದರು. ನಿಜ ಹೇಳಬೇಕೆಂದರೆ ಆ ನಗು ಇನ್ನೂ ಕಿವಿಯಿಂದ ಹೋಗಿಲ್ಲ, ಅದಕ್ಕೇ ಇಷ್ಟೆಲ್ಲ ಬರೆಯಲು ಕೂತಿದ್ದೇನೆ.

ಆಗ ನಾನು ಮುಂಬೈ ಪಕ್ಕದ ಠಾಣೆ ಊರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಲ್ಯಾಬ್ ಅಸಿಸ್ಟೆಂಟ್. ಮನೆ ಡೊಂಬಿವಲಿಯಲ್ಲಿ, ಮನೆಮಾತು ತುಳು. ಇರುವೆಯ ಕಥೆ ಹೇಳಿ ನಕ್ಕ ಅವರು ಮೈಸೂರಿನವರು, ಬೇಲಾಪುರದ ಬ್ಯಾಂಕೊಂದರಲ್ಲಿ ಅಧಿಕಾರಿ. ಕಾಲೇಜಿನ ದಿನಗಳಲ್ಲಿ ಹಿಡಿದ ಇರುವೆಯ ಹುಚ್ಚು ಬ್ಯಾಂಕಿಗೆ ಸೇರಿದ ಮೇಲೂ ಬಿಟ್ಟಿರಲಿಲ್ಲ. ಒಂದು ದಿನ ನಮ್ಮ ವಿಭಾಗಕ್ಕೆ ಬಂದು, ಮೈಕ್ರೋಸ್ಕೋಪ್ ಬಳಸಬಹುದೇ ಎಂದು ಕೇಳಿದರು. ಮುಖ್ಯಸ್ಥರು ಮರಾಠಿಯವರು, ತುಂಬ ಸಜ್ಜನ. ಕೂಡಲೇ ಒಪ್ಪಿ, ಅರಣ್ಯ ಇಲಾಖೆಯ ಪರವಾನಗಿ ತರಿಸಿ, ಸಹಾಯಕ್ಕೆ ನನ್ನನ್ನು ಹಚ್ಚಿದರು. ಹಾಗೆ ಶುರುವಾದದ್ದು ಎರಡು ವರ್ಷ ನಡೆಯಿತು. ಪ್ರತಿ ಭಾನುವಾರ ಠಾಣೆ ಸ್ಟೇಷನ್ನಿನಲ್ಲಿ ಭೇಟಿ, ವರ್ತಕ ನಗರದ ಮೇಲಿಂದ ರಿಕ್ಷಾ, ಆಮೇಲೆ ಯೇವೂರು ಕಾಡಿನ ದಾರಿ.

"ನಿಮ್ದು ಥೇಟ್ ಪುಸ್ತಕದ ಕನ್ನಡ ಕಣ್ರೀ," ಎಂದು ನನ್ನನ್ನು ಚುಡಾಯಿಸುತ್ತಿದ್ದರು.

"ನಿಮ್ಮದು ಎಂಥದು? ಬೆಳಿಗ್ಗೆಯಿಂದ ಬರೀ ಕಣ್ರೀ, ಕಣ್ರೀ!"

ನಾವು ನೋಡುತ್ತಿದ್ದ ಗೂಡು ತೊರೆಯ ಪಕ್ಕದ ಮರವೊಂದರ ಬುಡದಲ್ಲಿತ್ತು. ಬಾಯಿಯ ಸುತ್ತ ಹಕ್ಕಿಯ ಗರಿಗಳನ್ನು ಎಳೆದು ತಂದು ನೆಟ್ಟಿದ್ದವು. ಮುಂಜಾನೆ ಗರಿಯ ಮೇಲೆ ಇಬ್ಬನಿ ಕೂತರೆ ಅದನ್ನು ಕುಡಿಯಲಿಕ್ಕೆ. ಮಳೆ ಶುರುವಾದಾಗ ಆ ಗೂಡು ಬಿಟ್ಟು ಮೇಲಿನ ದಿಬ್ಬಕ್ಕೆ ಹೊರಟವು. ಸಾಲುಗಟ್ಟಿ ಅಲ್ಲ, ಎರಡೆರಡಾಗಿ. ದಾರಿ ಗೊತ್ತಿದ್ದವಳು ಮುಂದೆ, ಗೊತ್ತಿಲ್ಲದವಳು ಹಿಂದೆ. ಹಿಂದಿನವಳು ಮೀಸೆಯಿಂದ ಮುಂದಿನವಳ ಬೆನ್ನು ತಟ್ಟುತ್ತಲೇ ನಡೆಯಬೇಕು. ಸ್ಪರ್ಶ ತಪ್ಪಿತೋ, ಮುಂದಿನವಳು ನಿಂತುಬಿಡುತ್ತಾಳೆ.

"ನೋಡಿ, ಕಾಯ್ತಾ ಇದೆ," ಎಂದರು ಅವರು, ಕೊಡೆಯನ್ನು ನನ್ನ ಮೇಲೆ ಹಿಡಿದು ತಾವು ನೆನೆಯುತ್ತಾ.

"ಎಷ್ಟು ಹೊತ್ತು ಕಾಯ್ತದೆ?"

ಪುಣ್ಯಾತ್ಮರು ಗಡಿಯಾರ ನೋಡಿ ಸೆಕೆಂಡು ಎಣಿಸತೊಡಗಿದರು! ನಾನು ಕೇಳಿದ್ದು ಇರುವೆಯ ವಿಷಯ ಅಲ್ಲ ಎಂದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಾದರೋ, ದೇವರೇ ಬಲ್ಲ. ನನಗೆ ಅವರು ಬೇಕಾಗಿದ್ದರು. ಅವರ ಬಾಯಿಂದ ಒಂದು ಮಾತು ಬರಬೇಕಿತ್ತು. ನಾನೇ ಹೇಳಬಹುದಿತ್ತು, ಹೌದು. ಬೇರೆ ಎಲ್ಲದಕ್ಕೂ ಮುಂದೆ ಹಾರುವ ನನ್ನ ನಾಲಿಗೆ ಇದೊಂದಕ್ಕೆ ಮಾತ್ರ ಅಂಟಿಕೊಂಡು ಕೂರುತ್ತಿತ್ತು.

ಹಿಡಿದ ಇರುವೆಯನ್ನು ತ್ರಿಕೋನದ ಸಣ್ಣ ರಟ್ಟಿನ ತುದಿಗೆ ಅಂಟಿಸಿ, ರಟ್ಟಿಗೆ ಸೂಜಿ ಚುಚ್ಚಿ ನಿಲ್ಲಿಸುತ್ತಾರೆ. ಅದೇ ಸೂಜಿಗೆ ಕೆಳಗೆ ಚೀಟಿಗಳು. ಒಂದರಲ್ಲಿ ಸಿಕ್ಕಿದ ಜಾಗ, ದಿನ, ಹಿಡಿದವರ ಹೆಸರು. ಅದರ ಕೆಳಗಿನದರಲ್ಲಿ ಇರುವೆಯ ಜಾತಿ, ಮತ್ತು ಅದನ್ನು ನೋಡಿ ಗುರುತಿಸಿದವರ ಹೆಸರು. ಕುಲ ಯಾವುದು ಎಂಬುದರಲ್ಲಿ ನಮಗೆ ಜಗಳವಿರಲಿಲ್ಲ. ಸೊಂಟದ ಗಂಟಿನ ಮೇಲೆ ಎರಡು ಮುಳ್ಳು, ಮೈಯೆಲ್ಲ ಕೆತ್ತಿದಂಥ ಗೆರೆ, ಅದು ಡಯಾಕಮ್ಮ. "ಯಾರ ಮನೆಯ ಅಮ್ಮ ಅದು?" ಎಂದು ನನ್ನ ತಾಯಿ ಕೇಳಿದ್ದುಂಟು. ಜಗಳ ಇದ್ದದ್ದು ಮುಂದಿನ ಹೆಸರಿನಲ್ಲಿ. ನಾನು ರುಗೋಸಮ್ ಎನ್ನುತ್ತಿದ್ದೆ, ಅವರಿಗೆ ಇಂಡಿಕಮ್ ಇರಬಹುದೆಂಬ ಅನುಮಾನ. ಬೆನ್ನಿನ ಗೆರೆಗಳು ಯಾವ ಕಡೆಗೆ ಓಡುತ್ತವೆ ಎಂದು ತಿಂಗಳುಗಟ್ಟಲೆ ನೋಡಿದರು, ಕಾಗದದ ಮೇಲೆ ಮಾತ್ರ ಒಂದಕ್ಷರ ಬರೆಯಲೊಲ್ಲರು.

ಒಂದು ಭಾನುವಾರ ಸ್ಟೇಷನ್ನಿಗೆ ವಾಪಸು ಬರುವಾಗ, ರಿಕ್ಷಾದಲ್ಲಿ, ತಮಗೆ ಧನಬಾದ್‌ಗೆ ವರ್ಗವಾಗಿದೆ ಎಂದರು. ಆರ್ಡರ್ ಬಂದು ಎರಡು ವಾರವಾಗಿತ್ತಂತೆ. ಹೋಗುವುದು ಬುಧವಾರ. ನನಗೆ ಮೈಯೆಲ್ಲ ಉರಿದುಹೋಯಿತು. ಏನು ಹೇಳಬೇಕೋ ಅದನ್ನು ಬಿಟ್ಟು, "ನಾನು ಎಲ್ಲ ಸೂಜಿಗೂ ರುಗೋಸಮ್ ಅಂತ ಚೀಟಿ ಹಾಕಿ ಆಯ್ತು. ನನ್ನ ಹೆಸರಲ್ಲೇ," ಎಂದೆ.

"ಖಾತ್ರಿ ಆಗ್ದೆ ಯಾಕ್ರೀ ಬರೆದ್ರಿ? ಎಲ್ಲಾದಕ್ಕೂ ಅವಸರ ನಿಮಗೆ."

"ಕೆಲವರಿಗೆ ಒಂದು ಮಾತು ಹೇಳ್ಲಿಕ್ಕೆ ಒಂದು ಜನ್ಮ ಸಾಲುದಿಲ್ಲ. ಅವಸರವೇ ಲೇಸು!"

ಅವರು ಮುಖ ಕೆಳಗೆ ಹಾಕಿದರು. ಪ್ಲಾಟ್‌ಫಾರ್ಮಿನಲ್ಲಿ ವಾಶಿಯ ಟ್ರೈನು ಬಂದು ನಿಂತಿತು. ಹತ್ತಿದವರು ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದರು, ಹಿಂದಿನಿಂದ ಜನ ತಳ್ಳಿ ಒಳಗೆ ಒಯ್ದರು. ಆಗೆಲ್ಲ ರಾಜ್ಯ ಬಿಟ್ಟರೆ ಮೊಬೈಲ್ ನಂಬರನ್ನೂ ಬಿಡಬೇಕಿತ್ತು. ನಾವೂ ಅದೇ ವರ್ಷ ಹಳೆಯ ಬಾಡಿಗೆಮನೆ ಖಾಲಿ ಮಾಡಿ ಡೊಂಬಿವಲಿಯಲ್ಲೇ ಬೇರೆ ಕಡೆ ಹೋದೆವು, ಮನೆಯ ಫೋನ್ ನಂಬರೂ ಹೋಯಿತು.

ಆಮೇಲಿನ ವರ್ಷಗಳನ್ನು ಉದ್ದ ಮಾಡುವುದಿಲ್ಲ. ನನಗೆ ಮದುವೆ ಆಗಲಿಲ್ಲ. ಅದಕ್ಕೆ ಅವರೇ ಕಾರಣ ಎಂದರೆ ಸುಳ್ಳಾದೀತು, ಅಲ್ಲ ಎಂದರೂ ಸುಳ್ಳೇ. ಕಲ್ಯಾಣ, ಬದಲಾಪುರದ ಕಡೆಯಿಂದ ಗಂಡುಗಳು ಬಂದವು, ನೋಡಿ ಹೋದವು. ಭಾನುವಾರಗಳಲ್ಲಿ ಬಟ್ಟೆ ಒಗೆಯುವಾಗಲೂ, ಈಗ ಟ್ರೈನು ಬರುವ ಹೊತ್ತು ಎಂದು ಮನಸ್ಸು ತಾನೇ ಎದ್ದು ಹೊರಡುತ್ತಿತ್ತು. ಕಾಡಿಗೆ ಒಬ್ಬಳೇ ಒಂದು ಸಲ ಹೋದೆ. ಗೂಡಿನ ಮುಂದೆ ಕೂತು ಚೆನ್ನಾಗಿ ಅತ್ತು ಬಂದೆ, ಮತ್ತೆ ಹೋಗಲಿಲ್ಲ.

ಹನ್ನೊಂದು ವರ್ಷದ ಮೇಲೆ ಅಮ್ಮನಿಗೆ ಕಣ್ಣಿನ ಆಪರೇಷನ್ ಆಯಿತೆಂದು ನಾಲ್ಕು ದಿನ ರಜೆ ಹಾಕಿದ್ದೆ. ಕೆಲಸಕ್ಕೆ ಮರಳಿದ ಬೆಳಿಗ್ಗೆ ಇರುವೆಗಳ ಪೆಟ್ಟಿಗೆ ನನ್ನ ಮೇಜಿನ ಮೇಲಿತ್ತು. ಮುಚ್ಚಳ ತೆಗೆದೆ. ಪ್ರತಿ ಸೂಜಿಯಲ್ಲೂ ನನ್ನ ಚೀಟಿಯ ಕೆಳಗೆ ಹೊಸದೊಂದು ಚೀಟಿ. ಆ ಅಕ್ಷರ ಗುರುತಿಸಲು ನನಗೆ ಭೂತಗನ್ನಡಿ ಬೇಕಾಗಲಿಲ್ಲ. ಡಯಾಕಮ್ಮ ಇಂಡಿಕಮ್ ಎಂದು ಬರೆದಿತ್ತು. ಹಿಂದಿನ ಬುಧವಾರದ ದಿನಾಂಕ. ಗುರುತಿಸಿದವರು ಎಂಬಲ್ಲಿ ಮೊದಲು ನನ್ನ ಹೆಸರು, ಪಕ್ಕದಲ್ಲಿ ಅವರದು.

ಗುರುತಿಸುವಾಗ ಜೊತೆಗೆ ಕೂತು ನೋಡದವರ ಹೆಸರನ್ನು ಹಾಗೆ ಹಾಕುವಂತಿಲ್ಲ. ಆ ದಿನ ನಾನು ಅಮ್ಮನ ಕಣ್ಣಿಗೆ ಔಷಧಿ ಬಿಡುತ್ತಾ ಡೊಂಬಿವಲಿಯಲ್ಲಿದ್ದೆ. ಅವರಿಗೆ ಈ ನಿಯಮ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಇಪ್ಪತ್ತಮೂರು ಸೂಜಿಗೂ ಕೂತು ಬರೆದಿದ್ದರು, ಒಂದೊಂದರಲ್ಲೂ ಇಬ್ಬರ ಹೆಸರು. ನಾನು ಇಷ್ಟು ವರ್ಷ ಕಾದ ಮಾತು ಅದೇ ಎಂದು ಅರ್ಥವಾಗಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಪೆಟ್ಟಿಗೆಯ ಮುಚ್ಚಳವನ್ನೂ ಹಾಕದೆ ಎದ್ದೆ.

ನೇರ ಮುಖ್ಯಸ್ಥರ ಕೋಣೆಗೆ ಓಡಿದೆ. ಅವರಿಗೆ ಅದು ನಿವೃತ್ತಿಯ ವರ್ಷ.

"ಹೌದು, ಬ್ಯಾಂಕಿನ ಟ್ರೇನಿಂಗ್ ಅಂತ ಒಂದು ದಿನಕ್ಕೆ ಬಂದಿದ್ದರು," ಎಂದರು ಮರಾಠಿಯಲ್ಲಿ. "ನಿಮ್ಮನ್ನು ಕೇಳಿದರು. ರಜೆ ಅಂದೆ. ಆದರೂ ಸಂಜೆವರೆಗೆ ಕೂತಿದ್ದರು."

"ನಂಬರ್ ಏನಾದರೂ ಕೊಟ್ಟು ಹೋದರಾ, ಸರ್?"

"ನಿಮ್ಮ ನಂಬರ್ ಕೇಳಿದರು. ಹೆಣ್ಣುಮಕ್ಕಳ ನಂಬರನ್ನು ಹಾಗೆ ಗಂಡಸರಿಗೆ ಕೊಡುವುದಿಲ್ಲ ನಾನು. ತಮ್ಮದನ್ನು ಬರೆದು ಕೊಡಲು ಬಂದರು, ಅದೂ ಬೇಡ ಅಂದೆ. ನಾಳೆ ನಿಮಗೇ ಮುಜುಗರ ಆಗಬಾರದಲ್ಲ?"

ತಂದೆಯಂಥ ಮನುಷ್ಯ. ಸರಿಯಾದ ಕೆಲಸ ಮಾಡಿದೆನಲ್ಲ ಎಂಬ ಮುಖ ಮಾಡಿ ನನ್ನನ್ನೇ ನೋಡುತ್ತಿದ್ದರು.

"ಒಳ್ಳೆಯದು ಮಾಡಿದಿರಿ, ಸರ್," ಎಂದೆ.