ಕೈ ಮುಗಿಯುವ ಕರಡಿ

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯ್ದು ನೇಯ್ದು ಕಣ್ಣು ಮಂಜಾಗಿದ್ದ ಅಂದಪ್ಪ, ಅರವತ್ತು ದಾಟಿದ ಮೇಲೆ ಕರಡಿಯಾದ. ಮಗಳು ಮಹೇಶ್ವರಿಯ ಮದುವೆ ಹತ್ತಿರ ಬಂದಿತ್ತು. ಹೆಂಡತಿ ಶಿವಲಿಂಗವ್ವ ಮಾಳಿಗೆಯ ಮೇಲೆ ಹರವಿದ್ದ ಹಪ್ಪಳ ಸಂಡಿಗೆಗಳನ್ನು ಮಂಗಗಳು ಎರಡು ಸಲ ಮುಗಿಸಿ ಹೋಗಿದ್ದವು. ಇನ್ನೊಮ್ಮೆ ಹೋದರೆ ಬೀಗರ ಎಲೆಗೆ ಪೇಟೆಯ ಹಪ್ಪಳವೇ ಗತಿ. ಅದಕ್ಕಿಂತ ದೊಡ್ಡ ಅವಮಾನ ಶಿವಲಿಂಗವ್ವನಿಗೆ ತಿಳಿದಿರಲಿಲ್ಲ.

ಮಂಗ ಕರಡಿಗೆ ಹೆದರುತ್ತದೆಂದು ಯಾರೋ ಹೇಳಿದ್ದರು. ಅಂದಪ್ಪ ಕರಿ ಕಂಬಳಿ ಹೊದ್ದು, ಮುಖಕ್ಕೆ ರಟ್ಟು ಕಟ್ಟಿ, ಗದ್ದಕ್ಕೆ ತೆಂಗಿನ ನಾರು ಅಂಟಿಸಿಕೊಂಡು ಮಾಳಿಗೆ ಏರಿದ. ಬಾಲ ಮೊಂಡಾದ ಹಿರಿಯ ಮಂಗವೊಂದು ಹತ್ತಿರ ಬಂದು, ಗಡ್ಡ ಕಿತ್ತು ಮೂಸಿ ನೋಡಿ, ಸಂಡಿಗೆಯತ್ತ ನಡೆಯಿತು.

"ಇದು ಕರಡಿ ಅಲ್ಲರಿ, ಚಳಿ ಹತ್ತಿದ ಮುದುಕ" ಎಂದಳು ಶಿವಲಿಂಗವ್ವ.

ನೇಕಾರನಿಗೆ ಮಾತು ನಾಟಿತು. ಮೂಲೆ ಸೇರಿದ್ದ ಮಗ್ಗದ ಧೂಳು ಒರೆಸಿ, ನೂಲಿನ ಅಂಗಡಿಯ ಶಾಬುದ್ದೀನನಿಂದ ಕರಿ ರೇಷ್ಮೆ ತಂದ. ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಮೇಲೆ ಬಿಟ್ಟು ನೇಯ್ದು, ತುದಿ ಕತ್ತರಿಸಿದಾಗ ಬೆರಳುದ್ದದ ಕೂದಲು ಎದ್ದು ನಿಂತಿತು. ಬುಟ್ಟಿಯ ಮೇಲೆ ನೆನೆಸಿದ ಕಾಗದ ಮೆತ್ತಿ ತಲೆ ಮಾಡಿದ. ತನ್ನ ಮದುವೆಯ ಹಳೆಯ ಕೋಟಿನ ಗುಂಡಿಗಳು ಕಣ್ಣಾದವು. ಗಾಳಿ ಬೀಸಿದರೆ ಮೈಯೆಲ್ಲ ಅಲುಗುವಂಥ ಕರಡಿ!

ಅದನ್ನು ತೊಟ್ಟು ಅಂದಪ್ಪ ಮಾಳಿಗೆ ಏರಿದ. ಕಂಡದ್ದೇ ತಡ, ಮಂಗಗಳು ಬೇವಿನ ಮರ ಏರಿದವು. ಅಷ್ಟರಲ್ಲಿ ಓಣಿಗೇ ಹಿರಿಯಳಾದ ಗುರುಲಿಂಗವ್ವ ಎದುರಿನ ಮಾಳಿಗೆಯಲ್ಲಿ ಶ್ಯಾವಿಗೆ ಹರವುತ್ತ, "ಶರಣಪಾ ಅಂದಪ್ಪಾ" ಎಂದಳು. ಕರಡಿ ಎರಡೂ ಕೈ ಜೋಡಿಸಿ ಬಾಗಿತು. ಕೆಳಗೆ ಓಣಿಯಲ್ಲಿ ಹೊರಟಿದ್ದ ಶಾಬುದ್ದೀನ ಸಲಾಂ ಎಂದ. ಕರಡಿ ಹಣೆಗೆ ಕೈ ಹಚ್ಚಿತು. ಇದನ್ನೆಲ್ಲ ನೋಡುತ್ತಿದ್ದ ಮೊಂಡುಬಾಲದ ಮಂಗ ಸಾವಕಾಶವಾಗಿ ಇಳಿದು ಬಂದು ಒಂದು ಹಪ್ಪಳ ಕೈಗೆತ್ತಿಕೊಂಡಿತು.

"ಕರಡಿ ಎಲ್ಲೆರ ಕೈ ಮುಗಿತೈತೇನ್ರಿ?" ಎಂದು ಶಿವಲಿಂಗವ್ವ ಕೇಳಿದಳು.

"ಹಿರ್ಯಾರು ಶರಣು ಅಂದ್ರ ನಾ ಕಟಗಿ ಹಂಗ ನಿಂದರ್ಲೇನು?"

ಅವಳು ಸೂಜಿ ದಾರ ತಂದು, ವೇಷದ ಒಂದು ಮುಂಗೈಯಿಂದ ಇನ್ನೊಂದು ಮುಂಗೈಗೆ, ಬೆನ್ನ ಹಿಂದಿನಿಂದ, ಬಿಗಿಯಾಗಿ ಪಟ್ಟಿಯೊಂದನ್ನು ಹೊಲಿದಳು. ಇನ್ನು ಕೈಗಳು ಮುಂದೆ ಕೂಡುವಂತಿರಲಿಲ್ಲ.

ಮರುದಿನ ಮುಂಜಾನೆ ಗುರುಲಿಂಗವ್ವ ಎಂದಿನಂತೆ ಶರಣು ಎಂದಳು. ಅಂದಪ್ಪ ಕೈ ಜೋಡಿಸಲು ಹೆಣಗಿದ. ಪಂಜಗಳು ಎರಡೂ ಕಡೆ ಮೇಲೆದ್ದು ನಡುಗಿದವು, ಮೈ ಅತ್ತಿತ್ತ ತೂಗಿತು, ಬುಟ್ಟಿಯೊಳಗಿಂದ ಮುಲುಕಿದ ದನಿ ಹೊರಟಿತು. ಮೊಂಡುಬಾಲ ಉಳಿದ ಮಂಗಗಳಿಗಿಂತ ಮುಂದಾಗಿ ಓಡಿ ಓಣಿ ದಾಟಿತು. ಶಿವಲಿಂಗವ್ವ ಬಾಗಿಲಲ್ಲಿ ನಿಂತು, ಹೋಗುವವರನ್ನೆಲ್ಲ ತಡೆದು, ಮೇಲೆ ನೋಡಿ ಒಂದು ಶರಣು ಮಾಡಿ ಹೋಗಿರೆಂದು ಬೇಡಿಕೊಂಡಳು. ಹಪ್ಪಳ ಗರಿಗರಿಯಾಗಿ ಒಣಗಿತು.

ಅಂದಪ್ಪನಿಗೆ ಮಾತ್ರ ಊಟ ಸೇರಲಿಲ್ಲ. ಸಂಜೆ ಮುಖ ತೊಳೆದು, ಮಡಿ ಧೋತರ ಉಟ್ಟು, ರುಮಾಲು ಸುತ್ತಿ ಗುರುಲಿಂಗವ್ವನ ಬಾಗಿಲಿಗೆ ಹೋಗಿ ಕೈ ಮುಗಿದು ನಿಂತ.

"ಇದು ಮುಂಜಾನಿದು, ಯವ್ವಾ."

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾಳಿದೂ ಈಗ ಮಾಡಿ ಹೋಗಪಾ. ನನ್ನ ಶ್ಯಾವಿಗಿ ಇನ್ನೂ ಒಣಗಬೇಕು."