ಹೌದಪ್ಪನ ಐದು ಖಾತೆಗಳು

"ಅಮ್ಮ, ಕಟಿಂಗ್ ಮಾಮನ ಕೈಗೆ ಚಳಿ ಆಗ್ತಿತ್ತಾ?"

ಸಲೂನಿನ ಮೆಟ್ಟಿಲು ಇಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಪುಟ್ಟ ಕೇಳಿಯೇಬಿಟ್ಟ. ಆ ವಯಸ್ಸಿನ ಮಕ್ಕಳಿಗೆ ಪಿಸುಮಾತು ಎನ್ನುವುದು ಗೊತ್ತೇ ಇರುವುದಿಲ್ಲ. ಒಳಗೆ ಕೂದಲು ಗುಡಿಸುತ್ತಿದ್ದ ಪೊರಕೆಯ ಸದ್ದು ಒಂದು ಗಳಿಗೆ ನಿಂತಿತು. ಪುಟ್ಟನ ಅಮ್ಮ ಅವನ ಕತ್ತಿಗೆ ಅಂಟಿದ್ದ ಕೂದಲು ಒರೆಸುವ ನೆಪದಲ್ಲಿ ಬಗ್ಗಿ, "ಹೂಂ, ಒಳಗೆ ಫ್ಯಾನ್ ಜೋರಾಗಿತ್ತಲ್ಲ" ಎಂದಳು. ಅಲ್ಲಿಯ ಫ್ಯಾನ್ ಕೆಟ್ಟು ತಿಂಗಳಾಗಿತ್ತು. ಅದನ್ನೂ ಮಗ ಹೇಳಿಬಿಟ್ಟಾನೆಂದು ಎತ್ತಿಕೊಂಡು ಬಿರಬಿರನೆ ನಡೆದಳು.

ಸಲೂನಿನವರಿಗೆ ಬೀದಿಯವರು ಇಟ್ಟ ಹೆಸರು ಹೌದಪ್ಪ. ಕಸುಬು ಕಲಿಸಿದ ಸೋದರಮಾವ ಮೊದಲ ದಿನವೇ, "ತಲೆ ನಿನ್ನ ಕೈಲಿರಲಿ, ಮಾತು ಅವರ ಬಾಯಲ್ಲಿರಲಿ" ಎಂದು ಹೇಳಿಕೊಟ್ಟಿದ್ದರಂತೆ. ಕುರ್ಚಿಯಲ್ಲಿ ಕೂತವರ ಮಾತಿಗೆ ಇಲ್ಲ ಅನ್ನಬಾರದು. ಅಂದರೆ ಅವರು ವಾದಕ್ಕೆ ತಿರುಗುತ್ತಾರೆ, ತಿರುಗಿದರೆ ಕಿವಿ ಹೋಗುತ್ತದೆ. ಹಾಗಾಗಿ ಕಾಲ ಕೆಟ್ಟಿತು ಎಂದವರಿಗೂ ಹೌದಪ್ಪ, ಇಂಥ ಒಳ್ಳೆಯ ಕಾಲ ಹಿಂದೆ ಇರಲೇ ಇಲ್ಲ ಎಂದವರಿಗೂ ಹೌದಪ್ಪ. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಅಂತಾರಲ್ಲ, ಇಲ್ಲಿ ಎರಡನೆಯ ಚಾವಡಿ ಕಟ್ಟಿಯೇ ಇರಲಿಲ್ಲ. ಪರದೆಯ ಹಿಂದೆ ಟವೆಲ್ ಹಿಂಡುತ್ತ ಹೆಂಡತಿ ಅಣಕಿಸುವುದಿತ್ತು: "ನನ್ನ ಮಗಳನ್ನ ಮದುವೆ ಆಗ್ತೀಯೇನಯ್ಯ ಅಂತ ನಮ್ಮಪ್ಪ ಕೇಳಿದ್ದೂ ಇದೇ ಕುರ್ಚಿಯಲ್ಲಿ ಕೂತು. ಬಸ್ ಸ್ಟಾಪಲ್ಲಿ ಕೇಳಿದ್ದಿದ್ರೆ ನನ್ನ ಗತಿ ಏನಾಗ್ತಿತ್ತೋ."

ಅದಾಗಿ ಒಂದು ವಾರಕ್ಕೆ, ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಪುಟ್ಟನ ಅಮ್ಮನನ್ನು ಹೌದಪ್ಪ ಕೂಗಿ ಕರೆದರು. ಅಂಗಡಿ ಖಾಲಿಯಿತ್ತು.

"ತಂಗೀ, ಮೊದಲು ಲೆಕ್ಕದ ಆಫೀಸಲ್ಲಿ ಇದ್ದವಳಲ್ವಾ ನೀನು? ಷೇರು ಗೀರು ಗೊತ್ತಂತೆ."

"ಗೀರು ಗೊತ್ತಿಲ್ಲಣ್ಣ. ಷೇರು ಸ್ವಲ್ಪ. ತಿಂಗಳಿಗಿಷ್ಟು ಅಂತ ಹಾಕಿಡ್ತೀನಿ, ಅಷ್ಟೇ."

ಅವರು ಫೋನ್ ಮುಂದೆ ಚಾಚಿದರು. ಚಾಚಿದ ಕೈಯಲ್ಲಿ ಫೋನ್ ನಿಲ್ಲಲಿಲ್ಲ, ಅವಳೇ ಇಸಿದುಕೊಂಡಳು. ಪರದೆಯ ಮೇಲೆ ಐದು ಬ್ರೋಕರ್ ಕಂಪನಿಗಳ ಆಪ್‌ಗಳು ಸಾಲಾಗಿ ಕೂತಿದ್ದವು.

"ಐದಾ?"

"ಮೊದಲನೇದು ಕೊರಿಯರ್ ಹುಡುಗ ಹೇಳಿದ್ದು. ಕೊಂಡು ಮಾರೋಕೆ ಬ್ರೋಕರೇಜ್ ಸೊನ್ನೆ ಅಂದ. ಹೌದಪ್ಪ ಅಂದೆ, ಅಲ್ಲೇ ಕೂತು ತೆರೆದುಕೊಟ್ಟ. ಆಮೇಲೆ ಮೇಷ್ಟ್ರು ಬಂದು ಅದು ಬೇಡ, ಇದರಲ್ಲಿ ಸಲಹೆನೂ ಕೊಡ್ತಾರೆ ಅಂದ್ರು. ಅವರಿಗೆ ಇಲ್ಲ ಅನ್ನೋದು ಹೇಗೆ? ಕ್ಷೌರ ಅರ್ಧ ಆಗಿತ್ತು."

ಹೀಗೇ ಐದು ತಲೆಗೆ ಐದು ಖಾತೆ. ಒಬ್ಬರನ್ನು ಸೇರಿಸಿದರೆ ಕರೆತಂದವರಿಗೂ ಚೂರುಪಾರು ಸಿಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. "ಸಿಗಲಿ ಬಿಡು, ನನ್ನ ಗಿರಾಕಿಗಳೇ ತಾನೆ" ಎಂದರು. ಐದಕ್ಕೂ ಸಮನಾಗಿ ಹಾಕಿದ್ದಿದ್ದರೆ ಒಂದು ಮಾತು. ಮೇಷ್ಟ್ರ ಮೇಲಿನ ಗೌರವಕ್ಕೆ ಉಳಿತಾಯದ ಮುಕ್ಕಾಲು ಪಾಲು ಅದೊಂದರಲ್ಲೇ ಇತ್ತು.

ಪುಟ್ಟನ ಅಮ್ಮ ತರಕಾರಿ ಚೀಲ ಕೆಳಗಿಟ್ಟು, ಕಾಯುವವರ ಬೆಂಚಿನ ಮೇಲೆ ಕೂತು ಒಂದೊಂದನ್ನೇ ತೆರೆದಳು. ತೆರೆದಷ್ಟೂ ಮುಖ ಗಂಟಾಯಿತು. ಸೊನ್ನೆ ಎಂದ ಕಡೆಯೇ ಮಾರುವಾಗ ಒಂದು ಶುಲ್ಕ. ಖಾತೆ ಸುಮ್ಮನೆ ಇಟ್ಟುಕೊಂಡದ್ದಕ್ಕೆ ಐದೂ ಕಡೆ ವರ್ಷ ವರ್ಷ ಬೇರೆ ಬೇರೆ ಶುಲ್ಕ. ಮೇಷ್ಟ್ರ ಆಪ್ ಸಲಹೆಗೂ ತಿಂಗಳು ತಿಂಗಳು ದುಡ್ಡು ಕಿತ್ತುಕೊಳ್ಳುತ್ತಿತ್ತು.

"ಅಣ್ಣ, ಕಟಿಂಗ್ ಪುಕ್ಕಟೆ ಅಂತ ಬೋರ್ಡ್ ಹಾಕಿ, ಬಟ್ಟೆ ಹೊದಿಸಿದ್ದಕ್ಕೆ ಕಾಸು, ಕುರ್ಚಿ ಬಾಡಿಗೆ ಅಂತ ಕಾಸು, ಎದ್ದು ಹೋಗೋವಾಗ ಬಾಗಿಲಿಗೂ ಕಾಸು ಕೇಳಿದ್ರೆ ಹೇಗಿರುತ್ತೆ?"

"ಹೌದಪ್ಪ."

"ಹೌದಪ್ಪ ಅನ್ಬೇಡಿ, ಉತ್ತರ ಹೇಳಿ. ದಿನಾ ಕೊಂಡು ಮಾರೋರು ಬ್ರೋಕರೇಜ್ ನೋಡ್ಬೇಕು. ನೀವು ದಿನಾ ಮಾರ್ತೀರಾ?"

"ನನಗೆ ಮಾರೋಕೇ ಬರಲ್ಲ ತಂಗಿ."

"ಹಾಗಾದ್ರೆ ನಿಮಗೆ ವರ್ಷದ ಶುಲ್ಕ ಕಮ್ಮಿ ಇರ್ಬೇಕು, ಫೋನ್ ಮಾಡಿದ್ರೆ ಮನುಷ್ಯರು ಎತ್ಕೊಳ್ಬೇಕು. ಅಷ್ಟೇ. ಈ ದುಡ್ಡು ನಿಮಗೆ ಯಾವಾಗ ಬೇಕು?"

ಹೌದಪ್ಪ ಬಲಗೈಯನ್ನು ಎಡಗೈಯಿಂದ ಹಿಡಿದು ತೊಡೆಯ ಮೇಲಿಟ್ಟುಕೊಂಡರು. ಪರದೆಯ ಹಿಂದೆ ನೀರಿನ ಸದ್ದು ನಿಂತಿತು.

"ಡಾಕ್ಟ್ರು ಕೈ ನಡುಕ ಏರೋದನ್ನ ನಿಧಾನ ಮಾಡಬಹುದು ಅಂದ್ರು. ವಾಸಿ ಆಗುತ್ತೆ ಅಂತ ಮಾತ್ರ ಅನ್ನಲಿಲ್ಲ" ಎಂದಳು ಹೆಂಡತಿ, ಒಳಗಿನಿಂದಲೇ.

ಆಗ ಪುಟ್ಟನ ಅಮ್ಮನಿಗೆ ಒಂದೊಂದೇ ಹೊಳೆಯತೊಡಗಿತು. ಬೀದಿಯ ಗಂಡಸರೆಲ್ಲ ಈಚೆಗೆ ಗಡ್ಡ ಬಿಟ್ಟಿದ್ದರು. ತನ್ನ ಗಂಡನೂ ಸೇರಿ. ಮೇಷ್ಟ್ರು, "ಈ ವಯಸ್ಸಿಗೆ ಗಡ್ಡವೇ ಲಕ್ಷಣ" ಎಂದಿದ್ದರು. ಕೊರಿಯರ್ ಹುಡುಗ ಫ್ಯಾಷನ್ ಎಂದಿದ್ದ. ರೇಜರ್ ಬೇಡವೆಂದು ಹೇಳಲಾರದೆ ಎಲ್ಲರೂ ಮುಖದ ಮೇಲೆ ಕಾಡು ಬೆಳೆಸಿಕೊಂಡಿದ್ದರು.

ಐದರಲ್ಲಿ ಒಂದನ್ನು ಆರಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಐದಕ್ಕೂ ಅಲ್ಲೇ ಕೂತು ಫೋನ್ ಮಾಡಿದಳು. ನಾಲ್ಕು ಕಡೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಸಂಗೀತ. ಒಂದು ಕಡೆ ಮಾತ್ರ ಒಬ್ಬಾಕೆ ಕೆಮ್ಮುತ್ತ ಎತ್ತಿಕೊಂಡಳು. "ಕೆಮ್ಮಿದಳು ನೋಡಿ, ಯಂತ್ರ ಅಲ್ಲ. ವರ್ಷದ ಶುಲ್ಕನೂ ಇಲ್ಲೇ ಕಮ್ಮಿ. ಇದೇ ಇರಲಿ" ಎಂದಳು. ಉಳಿದ ಕಡೆಯ ಷೇರುಗಳನ್ನೆಲ್ಲ ಇದಕ್ಕೆ ವರ್ಗಾಯಿಸುವುದು, ಆ ಖಾತೆಗಳನ್ನು ಮುಚ್ಚುವುದು. ಅಂದು ಅವಳು ಮನೆಗೆ ಹೋಗುವಾಗ ಒಂದು ಒಳ್ಳೆಯ ಕೆಲಸ ಮುಗಿಸಿದ ಹಗುರದಲ್ಲಿದ್ದಳು.

ಮುಗಿದಿರಲಿಲ್ಲ. ಕೊರಿಯರ್ ಹುಡುಗನ ಖಾತೆ ಫೋನಿನಲ್ಲೇ ಮುಚ್ಚಿತು. ಮೇಷ್ಟ್ರು ಹೇಳಿದ್ದೂ ಸೇರಿ ಉಳಿದ ಮೂರಕ್ಕೆ ಕಾಗದದ ಮೇಲೆ ಸಹಿ ಬೇಕಿತ್ತು. ಹೌದಪ್ಪ ಸಹಿ ಹಾಕಿದರು, ಅವಳು ಕಳಿಸಿದಳು, ಮೂರೂ ತಿರುಗಿ ಬಂದವು. ಸಹಿ ತಾಳೆಯಾಗುತ್ತಿಲ್ಲ. ಖಾತೆ ತೆರೆದ ಕಾಲದ ಸಹಿ ಬಾಚಣಿಗೆ ಎಳೆದ ಹಾಗೆ ನೇರವಾಗಿತ್ತು. ಈಗಿನದು ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಹೋದ ಹಾಗೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಹಳೆಯ ಪೇಪರಿನ ಅಂಚಿನ ಮೇಲೆಲ್ಲ ಹಾಕಿ ಹಾಕಿ ಅಭ್ಯಾಸ ಮಾಡಿದರು. ಎರಡನೆಯ ಸಲವೂ ತಿರುಗಿ ಬಂದವು.

ಹೊಸ ಸಹಿಯನ್ನು ಬ್ಯಾಂಕಿನಲ್ಲಿ ದೃಢೀಕರಿಸಿಕೊಂಡು ತನ್ನಿ ಎಂದರು ಕಂಪನಿಯವರು. ಪುಟ್ಟನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವಳೂ ಹೌದಪ್ಪನ ಜೊತೆ ಬ್ಯಾಂಕಿಗೆ ಹೋದಳು. ಕೌಂಟರಿನ ಹುಡುಗಿ ಒಳ್ಳೆಯವಳೇ.

"ಹೊಸ ಸಹಿಗೆ ಈ ಅರ್ಜಿ ತುಂಬಿ. ಇಲ್ಲಿ, ಕೆಳಗೆ, ಹಳೇ ಸಹಿ ಹಾಕಿ."

"ಹಳೇ ಸಹಿ ಬರಲ್ಲ ಅಂತಲೇ ತಾನೆ ಬಂದಿರೋದು?"

"ಗೊತ್ತಾಯ್ತು ಮೇಡಂ. ಆದ್ರೆ ಅದಿಲ್ಲದೆ ಅರ್ಜಿ ಮುಂದಕ್ಕೆ ಹೋಗಲ್ಲ."

ದೊಡ್ಡ ಆಫೀಸರ್ ರಜೆಯಲ್ಲಿದ್ದರು. ಮುಂದಿನ ಸಲ ಅವರಿದ್ದರು, ಮೇಲಿನವರನ್ನು ಕೇಳಬೇಕು ಎಂದರು. ಹೌದಪ್ಪ ಅದಕ್ಕೂ ಹೌದಪ್ಪ ಎಂದು ಎದ್ದರು. ವಾಪಸು ಬರುವಾಗ ರಸ್ತೆ ದಾಟುತ್ತ, "ಕೈ ನಿಂತಾಗ ಬೇಕಾಗೋ ದುಡ್ಡು ತಂಗಿ ಅದು. ಕೈ ಗಟ್ಟಿ ಇದ್ದೋನಿಗೇ ಕೊಡ್ತಾರಂತೆ" ಎಂದು ನಕ್ಕರು. ಅವಳಿಗೆ ನಗಲಾಗಲಿಲ್ಲ. ಲೆಕ್ಕ ಬಲ್ಲೆ ಎಂದುಕೊಂಡಿದ್ದವಳಿಗೆ ಇಲ್ಲಿ ಕೂಡಿಸುವುದಕ್ಕೂ ಕಳೆಯುವುದಕ್ಕೂ ಏನೂ ಇರಲಿಲ್ಲ.

ಅರ್ಜಿ ಇನ್ನೂ ಮೇಲಿನವರ ಹತ್ತಿರವೇ ಇದೆ. ಅಷ್ಟರಲ್ಲಿ ಪುಟ್ಟನ ಕೂದಲು ಮತ್ತೆ ಕಿವಿ ಮುಚ್ಚಿತು.

ಗಂಡ, ಮಾಲ್‌ನಲ್ಲಿ ಮಾಡಿಸೋಣ ಎಂದ. ಅವಳು ಕೇಳಿಸದವಳಂತೆ ಹೌದಪ್ಪನ ಅಂಗಡಿಗೇ ಕರೆತಂದಳು. ಕುರ್ಚಿಯ ಎರಡು ಕೈಗಳ ಮೇಲೆ ಮಕ್ಕಳ ಹಲಗೆ ಇಟ್ಟು, ಪುಟ್ಟನನ್ನು ಕೂರಿಸಿ, ಬಟ್ಟೆ ಹೊದಿಸಿದರು. ಗಂಟು ಕಟ್ಟಲು ಹೆಂಡತಿ ಬಂದಳು. ಕತ್ತರಿ ಹಿಡಿದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಅದುಮಿಕೊಂಡು ಹೌದಪ್ಪ ಬಗ್ಗಿದರು. ಪುಟ್ಟ ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದ.

"ಮಾಮ, ನಾನು ಅಲ್ಲಾಡಲ್ಲ. ನೀವೂ ಅಲ್ಲಾಡ್ಬೇಡಿ, ಆಯ್ತಾ?"

ಪುಟ್ಟನ ಅಮ್ಮ ಬೆಂಚಿನಿಂದ ಅರ್ಧ ಎದ್ದಳು. ಹೌದಪ್ಪ ಕತ್ತರಿಯನ್ನು ಕಿವಿಯಿಂದ ದೂರ ಹಿಡಿದು ನಿಂತರು. ಹೌದಪ್ಪ ಎನ್ನಲಿಲ್ಲ. ಆಮೇಲೆ, ಕನ್ನಡಿಯಲ್ಲೇ ಅವಳನ್ನು ನೋಡುತ್ತ, ದನಿ ತಗ್ಗಿಸಿ ಹೇಳಿದರು:

"ತಂಗೀ, ಒಂದು ಉಪಕಾರ ಮಾಡು. ಈ ಕುರ್ಚಿಯಲ್ಲಿ ಕೂತವರಿಗೆ ನಾನು ಒಂದು ದಿನವೂ ಇಲ್ಲ ಅಂದಿಲ್ಲ. ಈಗ ಅವರೂ ನನಗೆ ಇಲ್ಲ ಅನ್ನಲ್ಲ, ಗಡ್ಡ ಬಿಡ್ತಾರೆ. ಕತ್ತರಿ ಕೆಳಗಿಡಬೇಕಾದ ದಿನ ನೀನು ಹೇಳ್ಬೇಕು. ಸುಮ್ಮನೆ ಹೂಂ ಅಂದುಬಿಡಬೇಡ. ಹೇಳ್ತೀಯಾ?"